ಅಪ್ಪ ಕೊಳ್ಳದ ನ್ಯಾನೊ

2024ರ ಅಕ್ಟೋಬರ್ 9ರ ರಾತ್ರಿ ರತನ್ ಟಾಟಾ ತೀರಿಕೊಂಡಾಗ ನಾನು ಫಸ್ಟ್ ಸೆಮ್‌ನಲ್ಲಿದ್ದೆ. ಬೆಳಗ್ಗೆ ಏಳೋಷ್ಟರಲ್ಲಿ ಹಾಸ್ಟೆಲ್‌ನಲ್ಲಿ ಎಲ್ಲರ ಸ್ಟೇಟಸ್‌ನಲ್ಲೂ ಅವರದೇ ಫೋಟೋ, ಕೆಳಗೊಂದು ನುಡಿಮುತ್ತು. ಅದರಲ್ಲಿ ಅವರು ನಿಜವಾಗಿ ಹೇಳಿದ್ದೆಷ್ಟು, ಯಾರೋ ಟೈಪ್ ಮಾಡಿದ್ದೆಷ್ಟು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳದೆ ಒಂದು ಹಾಕಿದೆ. ಸಂಜೆ ಫೋನ್ ಮಾಡಿದಾಗ ಅಪ್ಪ ಹೇಳಿದ್ದೇ ಬೇರೆ: "ಪಾಪ, ಆ ಮನುಷ್ಯ ನಮ್ಮಂಥೋರಿಗೆ ಅಂತಲೇ ಒಂದು ಕಾರ್ ಮಾಡಿಸಿದ್ರು ಕಣಮ್ಮ. ನಾವೇ ತಗೊಳ್ಳಲಿಲ್ಲ."

ನಾನು ಚಿಕ್ಕವಳಿದ್ದಾಗ ನಮ್ಮನೇಲಿ ಇದ್ದದ್ದು ಒಂದು ಸ್ಕೂಟರ್. ತುಮಕೂರಿನಿಂದ ಗುಬ್ಬಿ ಹತ್ತಿರದ ಅಜ್ಜಿ ಊರಿಗೆ ನಾಲ್ಕು ಜನರೂ ಅದರಲ್ಲೇ. ನಾನು ಮುಂದೆ ನಿಂತುಕೊಂಡು, ತಮ್ಮ ಅಪ್ಪ-ಅಮ್ಮನ ಮಧ್ಯೆ. ಮಳೆ ಬಂದರೆ ಯಾವುದಾದರೂ ಅಂಗಡಿ ಮುಂದೆ ನಿಲ್ಲೋದು. ಹೀಗೆ ಸ್ಕೂಟರಿನಲ್ಲಿ ಮಕ್ಕಳನ್ನು ಒತ್ತಿಕೊಂಡು ಹೋಗೋ ಕುಟುಂಬಗಳನ್ನು ನೋಡಿಯೇ ನ್ಯಾನೊ ಯೋಚನೆ ಬಂತು ಅಂತ ರತನ್ ಟಾಟಾ ಹೇಳಿಕೊಂಡಿದ್ದಾರೆ. ಆರ್ಕಿಟೆಕ್ಚರ್ ಓದಿದ್ದ ಅವರು ಬಿಡುವಿನಲ್ಲಿ ಗೀಚುತ್ತಾ, ಮೊದಲು ಸ್ಕೂಟರನ್ನೇ ಸೇಫ್ ಮಾಡೋಕೆ ಆಗುತ್ತಾ ಅಂತ ನೋಡಿದರಂತೆ. ಗೀಚುತ್ತಾ ಗೀಚುತ್ತಾ ಅದಕ್ಕೆ ನಾಲ್ಕು ಚಕ್ರ ಬಂತು.

2008ರ ಜನವರಿಯಲ್ಲಿ ದೆಹಲಿಯ ಆಟೋ ಎಕ್ಸ್‌ಪೋದಲ್ಲಿ ಆ ಕಾರನ್ನು ತೋರಿಸಿದರು. ಎರಡು ಸಿಲಿಂಡರಿನ 624 ಸಿಸಿ ಎಂಜಿನ್, ಅದೂ ಹಿಂದೆ. ವೈಪರ್ ಒಂದೇ. ಚಕ್ರಕ್ಕೆ ನಾಲ್ಕರ ಬದಲು ಮೂರೇ ನಟ್. ಬೇಸ್ ಮಾಡೆಲ್‌ಗೆ ತೆರಿಗೆ ಬಿಟ್ಟು ಒಂದು ಲಕ್ಷ ರೂಪಾಯಿ. ನಾವು ಕ್ಲಾಸಿನಲ್ಲಿ ಕಾಸ್ಟ್ ರಿಡಕ್ಷನ್ ಅಂತ ಓದೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗೋದು ಕಷ್ಟ.

ಆದರೂ ಸೋತಿತು. ವರ್ಷಕ್ಕೆ ಎರಡೂವರೆ ಲಕ್ಷ ಕಾರು ಮಾಡಬಲ್ಲ ಫ್ಯಾಕ್ಟರಿ ಕಟ್ಟಿದರೂ ಅಷ್ಟು ಕಾರು ಯಾವ ವರ್ಷವೂ ಮಾರಾಟ ಆಗಲಿಲ್ಲ. 2018ಕ್ಕೆ ತಯಾರಿಕೆ ನಿಂತೇ ಹೋಯಿತು. ಕೆಲವು ಕಾರುಗಳಿಗೆ ಬೆಂಕಿ ಹತ್ತಿದ ಸುದ್ದಿಯಿಂದ ಜನ ಹೆದರಿದ್ದು ಒಂದು ಕಾರಣ. ಅಪ್ಪನ ಕಾರಣ ಬೇರೆ: "ಒಂದು ಲಕ್ಷದ ಕಾರು ಅಂತ ಊರಿಗೆಲ್ಲಾ ಗೊತ್ತಲ್ವಾ. ಮನೆ ಮುಂದೆ ನಿಲ್ಲಿಸಿದ್ರೆ ನಮ್ಮ ಹತ್ರ ದುಡ್ಡಿಲ್ಲ ಅಂತ ಬೋರ್ಡ್ ಹಾಕ್ಕೊಂಡಂಗೆ." ಅದಕ್ಕೇ ಇನ್ನೂ ಮೂರು ವರ್ಷ ಸ್ಕೂಟರಿನಲ್ಲೇ ಓಡಾಡಿ, ಆಮೇಲೆ ಸೆಕೆಂಡ್ ಹ್ಯಾಂಡ್ ಆಲ್ಟೊ ತಗೊಂಡರು. ಅತಿ ಅಗ್ಗದ ಕಾರು ಅಂತ ಪ್ರಚಾರ ಆದದ್ದು ತಪ್ಪಾಯಿತು ಅಂತ ಮುಂದೆ ರತನ್ ಟಾಟಾ ಅವರೇ ಒಪ್ಪಿಕೊಂಡರು. ನನಗೆ ಅವರ ಮೇಲೆ ನಿಜವಾದ ಗೌರವ ಬಂದದ್ದು ಇದನ್ನು ಓದಿದಾಗ.

ಸ್ಟೇಟಸ್‌ಗಳಲ್ಲಿ ಬರದ ಇನ್ನೊಂದು ವಿಷಯ ಸಿಂಗೂರು. ನ್ಯಾನೊ ಫ್ಯಾಕ್ಟರಿಗೆ ಪಶ್ಚಿಮ ಬಂಗಾಳ ಸರ್ಕಾರ ಅಲ್ಲಿ ಸುಮಾರು 1000 ಎಕರೆ ಭೂಮಿ ತೆಗೆದುಕೊಂಡಿತು. ಕೊಡಲ್ಲ ಅಂದ ರೈತರು ಹೋರಾಡಿದರು. 2008ರ ಅಕ್ಟೋಬರ್‌ನಲ್ಲಿ ಯೋಜನೆ ಗುಜರಾತಿನ ಸಾನಂದ್‌ಗೆ ಹೋಯಿತು. 2016ರಲ್ಲಿ ಸುಪ್ರೀಂ ಕೋರ್ಟ್ ಆ ಭೂಸ್ವಾಧೀನವನ್ನು ರದ್ದು ಮಾಡಿ ರೈತರಿಗೆ ಜಮೀನು ವಾಪಸ್ ಕೊಡಿ ಅಂದಿತು. ಜಮೀನು ತೆಗೆದುಕೊಂಡದ್ದು ಸರ್ಕಾರ, ನಿಜ. ಆದರೆ ಬಡವರ ಕಾರಿಗೆ ಬಡವರ ಹೊಲವೇ ಯಾಕೆ ಅನ್ನೋ ಪ್ರಶ್ನೆ ಉಳಿಯುತ್ತೆ. ಅಜ್ಜಿಯ ಎರಡೆಕರೆ ಹೊಲ ನೋಡಿದ ನನಗೆ ಇದನ್ನು ಬಿಟ್ಟು ಮುಂದೆ ಹೋಗೋಕೆ ಆಗಲ್ಲ.

ಹಾಗಾದರೆ ಅವರ ದಾನ, ಸರಳತೆ? ಅದೂ ನಿಜವೇ. ಟಾಟಾ ಸನ್ಸ್‌ನ ಸುಮಾರು 66% ಷೇರು ಇರೋದು ಟಾಟಾ ಟ್ರಸ್ಟ್‌ಗಳ ಹತ್ತಿರ. ಕಂಪನಿ ಗಳಿಸಿದ್ದರಲ್ಲಿ ಟ್ರಸ್ಟ್‌ಗಳ ಪಾಲು ಆಸ್ಪತ್ರೆಗೆ, ಓದಿಗೆ, ಸಂಶೋಧನೆಗೆ ಹೋಗುತ್ತೆ. 1941ರಲ್ಲಿ ಮುಂಬೈನಲ್ಲಿ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ ಶುರುವಾದದ್ದು ಇಂಥ ಒಂದು ಟ್ರಸ್ಟ್‌ನಿಂದಲೇ. ಈ ವ್ಯವಸ್ಥೆಯ ಬೇರು ರತನ್ ಟಾಟಾ ಹುಟ್ಟುವ ಮೊದಲೇ, ಜಮ್‌ಶೆಟ್‌ಜಿ ಟಾಟಾ ಅವರ ಮಕ್ಕಳ ಕಾಲದಲ್ಲೇ ಇತ್ತು. ಇವರು ಅದನ್ನು ಕೆಡಿಸದೆ, 1991ರಿಂದ 2012ರವರೆಗೆ ಗ್ರೂಪ್ ಚೇರ್ಮನ್ ಆಗಿ ಟೆಟ್ಲಿ, ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡು ಬೆಳೆಸಿದರು. ನನ್ನ ಪ್ರಕಾರ ಇದು ಒಬ್ಬರು ಚೆಕ್ ಬರೆಯೋದಕ್ಕಿಂತ ದೊಡ್ಡದು. ಒಳ್ಳೆಯವರು ಹೋದಮೇಲೂ ಕೆಲಸ ನಿಲ್ಲಲ್ಲ.

ಅವರನ್ನು ದೇವರು ಮಾಡಿದರೆ ನಮಗೆ ಕಲಿಯೋಕೆ ಏನೂ ಉಳಿಯಲ್ಲ. ಈ ಸಲ ನಮ್ಮ ಟೀಮಿನ ಮಿನಿ ಪ್ರಾಜೆಕ್ಟ್, ತೆಂಗಿನ ತೋಟಕ್ಕೆ ಮಣ್ಣಿನ ತೇವ ಅಳೆಯೋ ಸೆನ್ಸರ್. ಟೈಟಲ್‌ನಲ್ಲಿ 'ಬಡ ರೈತರಿಗಾಗಿ ಅಗ್ಗದ ಸಾಧನ' ಅಂತ ಬರೆದಿದ್ವಿ. ನಾಲ್ಕು ಜನರಲ್ಲಿ ಒಬ್ಬರೂ ಒಬ್ಬ ರೈತರನ್ನೂ ಕೇಳಿರಲಿಲ್ಲ. ನನಗೆ ಅಪ್ಪನ ಬೋರ್ಡ್ ಮಾತು ನೆನಪಾಯ್ತು. 'ಬಡ' ಮತ್ತು 'ಅಗ್ಗ' ಎರಡನ್ನೂ ತೆಗೆದಿದ್ದೀವಿ. ಮುಂದಿನ ಭಾನುವಾರ ಅಜ್ಜಿ ಊರಿಗೆ ಹೋಗಿ, ಇದು ನಿಮಗೆ ಬೇಕಾ ಅಂತ ಮೊದಲು ಕೇಳ್ತೀವಿ. ಬೇಡ ಅಂದರೆ ಬೇರೆ ಪ್ರಾಜೆಕ್ಟ್ ಹುಡುಕ್ತೀವಿ.