ವೈಫೈ ಕೈಕೊಟ್ಟರೆ ಫೋನನ್ನೇ ಬೈಯಬೇಡಿ

ನಮ್ಮ ತರಗತಿಯಲ್ಲಿ ಕೂತು ಅಪ್ಪನ ಫೋನಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಮೂರು ಸಲ ವೈಫೈ ಕೈಕೊಟ್ಟಿತು. “ಫೋನೇ ಡಬ್ಬಾ ಕಣೋ” ಅಂದರು ಎಲ್ಲರೂ. ನಾನೂ ನಂಬಿ ನೆಟ್‌ವರ್ಕ್ ರೀಸೆಟ್ ಒತ್ತಿಬಿಟ್ಟೆ. ಉಳಿಸಿಟ್ಟ ಪಾಸ್‌ವರ್ಡ್‌ಗಳೆಲ್ಲ ಅಳಿಸಿಹೋದವು, ತೊಂದರೆ ಮಾತ್ರ ಹಾಗೇ ಇತ್ತು. (ಅಪ್ಪನ ಕೈಲಿ ಬೈಸಿಕೊಂಡಿದ್ದು ಬೇರೆ ಮಾತು.)

ಮರುದಿನ ಆಫೀಸ್ ರೂಮಿಗೆ ಹೋಗಿ ರೂಟರಿನ ಪಕ್ಕದಲ್ಲೇ ನಿಂತು ನೋಡಿದೆ. ಒಂದು ಸಲವೂ ತಪ್ಪಲಿಲ್ಲ. ಹಾಗಾದರೆ ಫೋನಿನ ತಪ್ಪೇನು? ರೂಟರ್ ಇರೋದು ಕಬ್ಬಿಣದ ಬೀರುವಿನ ಹಿಂದೆ! ಲೋಹವು ರೇಡಿಯೋ ಅಲೆಗಳನ್ನು ತಡೆಯುತ್ತದೆ. ಸಾಲದ್ದಕ್ಕೆ ನಮ್ಮದು ದಪ್ಪ ಕಲ್ಲಿನ ಗೋಡೆ. ಫೋನಿನಲ್ಲಿ ನಮ್ಮ ವೈಫೈ ಎರಡು ಹೆಸರಲ್ಲಿ ಕಾಣುತ್ತೆ: ಒಂದು 5 ಗಿಗಾಹರ್ಟ್ಸ್, ಇನ್ನೊಂದು 2.4. ಐದರದು ವೇಗ ಜಾಸ್ತಿ, ಆದರೆ ಗೋಡೆ ದಾಟುವಾಗ ಸೋಲುತ್ತದೆ. 2.4 ನಿಧಾನವಾದರೂ ದೂರ ಬರುತ್ತದೆ. ಅದನ್ನು ಹಿಡಿದೇ ಕೊನೆಗೆ ಅರ್ಜಿ ಕಳಿಸಿದೆ, ಅದೂ ಕಿಟಕಿ ಹತ್ತಿರ ನಿಂತು.

ಆದ್ದರಿಂದ ರೂಟರನ್ನು ಬೀರುವಿನ ಹಿಂದಿನಿಂದ ತೆಗೆದು ಎತ್ತರದಲ್ಲಿ ಇಡಬೇಕೆಂಬುದು ನನ್ನ ಅಭಿಪ್ರಾಯ. ಹೊರಗಿಟ್ಟರೆ ಕಳುವಾಗುತ್ತೆ ಅಂತಾರೆ. ಆಫೀಸ್ ಒಳಗೇ ಬಾಗಿಲ ಮೇಲೆ ಇಡಿಸಲಿ. ನಮ್ಮ ತರಗತಿಯ ಹನ್ನೊಂದು ಜನರ ಅರ್ಜಿ ಇನ್ನೂ ಬಾಕಿ ಇದೆ, ಮೇಷ್ಟ್ರೇ.