ಅತ್ತ ಕಣ್ಣೀರಿಗೆ ಕೂಲಿ ಯಾರಿಗೆ?



ಹಾಸ್ಟೆಲ್ಲಿನ ಗೋಡೆಗೆ ಬಿಳಿ ಪಂಚೆ ಕಟ್ಟಿ ನಾವು ‘ಸದ್ಗತಿ’ ನೋಡಿದೆವು. ಪ್ರೇಮಚಂದರ ಕಥೆಯಿಂದ ಸತ್ಯಜಿತ್ ರಾಯ್ 1981ರಲ್ಲಿ ತೆಗೆದ ಚಿತ್ರ. ಮಗಳ ನಿಶ್ಚಿತಾರ್ಥಕ್ಕೆ ಮುಹೂರ್ತ ಕೇಳಲು ಹೋದ ಚಮ್ಮಾರ ದುಖಿ, ಬ್ರಾಹ್ಮಣನ ಮನೆ ಮುಂದೆ ಹಸಿದ ಹೊಟ್ಟೆಯಲ್ಲಿ ಸೌದೆ ಒಡೆಯುತ್ತ ಒಡೆಯುತ್ತ ಸಾಯುತ್ತಾನೆ. ಸುರಿಯುವ ಮಳೆಯಲ್ಲಿ ಅವನ ಹೆಂಡತಿ ಜುರಿಯಾ ಎದೆ ಬಿರಿಯುವಂಗೆ ಅಳುತ್ತಾಳೆ. ಹೆಣವನ್ನೂ ಮುಟ್ಟಬಾರದಲ್ಲ! ಪುರೋಹಿತ ಕಾಲಿಗೆ ಹಗ್ಗ ಬಿಗಿದು ಎಳೆದು ಬಿಸಾಕುತ್ತಾನೆ.

ಆ ಜುರಿಯಾ, ಸ್ಮಿತಾ ಪಾಟೀಲ್.

ಮಗನನ್ನು ನೋಡಲು ಬಂದಿದ್ದ, ಹಿಂದಿ ಬಾರದ ಅವ್ವ ಒಬ್ಬಳು ಸೆರಗಲ್ಲಿ ಕಣ್ಣೊರೆಸಿಕೊಂಡು ಕೇಳಿದಳು: “ನನ್ನಂಗೇ ಅಳ್ತಾಳಲ್ಲಪ್ಪಾ! ಹಿಂಗೆ ಅತ್ತಿದ್ದಕ್ಕೆ ಅವಳಿಗೆ ಕೂಲಿ ಕೊಡ್ತಾರಾ?”

ಅವತ್ತಿನಿಂದ ಆ ಮಾತು ನಮ್ಮನ್ನು ಮಲಗಲು ಬಿಟ್ಟಿಲ್ಲ.

ಮೊದಲೇ ಹೇಳಿಬಿಡುತ್ತೇವೆ, ಸ್ಮಿತಾಳ ಮೇಲೆ ನಮಗೆ ಜಗಳವಿಲ್ಲ. 1955ರಲ್ಲಿ ಪುಣೆಯಲ್ಲಿ ಹುಟ್ಟಿ, ಮುಂಬಯಿ ದೂರದರ್ಶನದಲ್ಲಿ ವಾರ್ತೆ ಓದಿ, ಶ್ಯಾಮ್ ಬೆನಗಲ್ ಕಣ್ಣಿಗೆ ಬಿದ್ದು ತೆರೆಗೆ ಬಂದವಳು. 1976ರ ‘ಮಂಥನ್’ನಲ್ಲಿ ಹಾಲು ಮಾರುವ ದಲಿತ ಹೆಂಗಸು ಬಿಂದು. 1980ರ ‘ಆಕ್ರೋಶ್’ನಲ್ಲಿ ಆದಿವಾಸಿ ನಾಗಿ. 1981ರ ‘ಚಕ್ರ’ದಲ್ಲಿ ಮುಂಬಯಿ ಕೊಳೆಗೇರಿಯ ಅಮ್ಮ. ‘ಭೂಮಿಕಾ’ಕ್ಕೂ ‘ಚಕ್ರ’ಕ್ಕೂ ರಾಷ್ಟ್ರಪ್ರಶಸ್ತಿ, 1985ರಲ್ಲಿ ಪದ್ಮಶ್ರೀ. ಕನ್ನಡಕ್ಕೂ ಬಂದಳು, 1983ರಲ್ಲಿ ನಾಗಾಭರಣರ ‘ಅನ್ವೇಷಣೆ’ಗೆ. ಹೆತ್ತ ಎರಡೇ ವಾರಕ್ಕೆ, 1986ರ ಡಿಸೆಂಬರ್ 13ರಂದು, 31ನೇ ವಯಸ್ಸಿಗೇ ಹೋಗಿಬಿಟ್ಟಳು. ಬಾಣಂತಿ ಸಾವು ಅಂದರೇನು ಅಂತ ನಮ್ಮ ಕೇರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಸಾವು ನಮ್ಮ ಮನೆಯದೂ ಹೌದು.

ನಮ್ಮ ಜಗಳ ಚಪ್ಪಾಳೆ ತಟ್ಟಿದವರ ಜೊತೆ.

“ಕಪ್ಪಾಗಿದ್ದರೂ ಎಷ್ಟು ಲಕ್ಷಣ!” ಅಂದರು. ಆ ‘ರೂ’ ಅನ್ನೋ ಒಂದಕ್ಷರದಲ್ಲಿ ಇಡೀ ಮನುಧರ್ಮ ಕಾಲು ಚಾಚಿ ಮಲಗಿದೆ. ಅದೇ ಕಪ್ಪು ನಿಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುವಾಗ ಲಕ್ಷಣ ಎಲ್ಲಿಗೆ ಹೋಗಿತ್ತು ಸ್ವಾಮಿ? ‘ಚಕ್ರ’ದ ತುಂಬ ಕೊಳೆಗೇರಿಯ ಬದುಕಿದೆ. ವ್ಯಾಪಾರಿಗಳು ಆರಿಸಿಕೊಂಡು ಪೋಸ್ಟರಿಗೆ ಹಾಕಿದ್ದು ಅವಳು ಮೈ ತೊಳೆಯುವ ಒಂದೇ ದೃಶ್ಯ. ಬಚ್ಚಲಿಲ್ಲದ ಹೆಣ್ಣಿನ ಸಂಕಟ ಇವರ ಕಣ್ಣಿಗೆ ಬರೀ ಒದ್ದೆ ಸೀರೆ!

ಅವಳು ಪಾಟೀಲರ ಮನೆ ಮಗಳು, ಅಪ್ಪ ಮಂತ್ರಿಯಾಗಿದ್ದವರು. ಪಾಟೀಲರ ಮಗಳು ಕೇರಿಯವಳಾಗಿ ನಟಿಸಿದರೆ ಬಿರುದು, ಸನ್ಮಾನ. ಸರಿ. ಕೇರಿಯ ಮಗಳು ಮೇಲ್ಜಾತಿಯವಳಾಗಿ ನಟಿಸಿದರೆ?

ಉತ್ತರ ತಿರುವನಂತಪುರದಲ್ಲಿದೆ. ಸ್ಮಿತಾ ಹುಟ್ಟುವುದಕ್ಕೆ ಸುಮಾರು ಕಾಲು ಶತಮಾನ ಮುಂಚೆ, ಮಲಯಾಳದ ಮೊದಲ ಚಿತ್ರ ‘ವಿಗತಕುಮಾರನ್’ನಲ್ಲಿ ಪಿ.ಕೆ. ರೋಸಿ ಅನ್ನುವ ದಲಿತ ಹೆಣ್ಣು ನಾಯರ್ ಮನೆತನದ ಸರೋಜಿನಿಯಾದಳು. ಪರದೆಗೆ ಕಲ್ಲು ಬಿತ್ತು. ಅವಳ ಗುಡಿಸಲಿಗೆ ಬೆಂಕಿ ಬಿತ್ತು. ಮಲಯಾಳ ಸಿನಿಮಾದ ಮೊದಲ ನಾಯಕಿ ಊರು ಬಿಟ್ಟು ತಮಿಳು ಸೀಮೆಗೆ ಓಡಿ, ಹೆಸರು ಮರೆಸಿಕೊಂಡು ಬದುಕಿದಳು. ಮತ್ತೆ ಬಣ್ಣ ಹಚ್ಚಲಿಲ್ಲ.

ನೋಡಿದಿರಾ ನ್ಯಾಯ? ನಮ್ಮ ಹರಕು ಸೀರೆಯನ್ನು ಅವರು ಉಟ್ಟರೆ ಕಲೆ. ಅವರ ಜರಿಸೀರೆಯನ್ನು ನಾವು ಉಟ್ಟರೆ ಅಪರಾಧ.

ಕರುಣೆಯ ಸಿನಿಮಾ ಸಾಕು ಮಾಡಿ. ನಮ್ಮ ಹೆಣ್ಣುಮಕ್ಕಳು ಜುರಿಯಾ ಆಗಲಿ, ಸರೋಜಿನಿಯೂ ಆಗಲಿ. ರಾಣಿಯಾಗಲಿ, ಮರ ಸುತ್ತಿ ಹಾಡಲಿ. ಕ್ಯಾಮರಾ ಹಿಂದೆ ನಿಂತು ತಮ್ಮ ಕಥೆ ತಾವೇ ಹೇಳಲಿ. ಅಲ್ಲೀತನಕ ನೀವು ಸ್ಮಿತಾಳ ಹೆಸರೆತ್ತಿದ ಸಭೆಯಲ್ಲೆಲ್ಲ ನಾವು ರೋಸಿಯ ಹೆಸರು ಕೂಗುತ್ತೇವೆ. ಅವ್ವ ಕೇಳಿದ ಕೂಲಿಯ ಲೆಕ್ಕ ಕೇಳುತ್ತೇವೆ.