ಮನೆಗೊಂದು ತೆರೆದ ಕಿವಿ

ಮೊದಲ ಪೀರಿಯಡ್‌ನಲ್ಲಿ ಆಕಳಿಸುವವರ ಹಾಜರಿ ತೆಗೆದಿದ್ದರೆ ಹೋದ ವರ್ಷ ನನಗೆ ನೂರಕ್ಕೆ ನೂರು ಸಿಗುತ್ತಿತ್ತು. ಹರಿಹರದಲ್ಲಿ ನಮ್ಮ ಮನೆ ಇರುವುದು ರೈಲು ಹಳಿಯ ಹತ್ತಿರದ ಓಣಿಯಲ್ಲಿ. ಬಸ್ ಹಿಡಿದು ದಾವಣಗೆರೆಗೆ ಬರಲು ಬೆಳಿಗ್ಗೆ ಐದೂವರೆಗೆ ಏಳಬೇಕು, ಓದಿ ಮಲಗುವಷ್ಟರಲ್ಲಿ ರಾತ್ರಿ ಹನ್ನೊಂದು. ನಡುವೆ ಉಳಿಯುವ ಆರೂವರೆ ಗಂಟೆಯಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಎಕ್ಸ್‌ಪ್ರೆಸ್ಸುಗಳು, ಗೂಡ್ಸ್ ಗಾಡಿಗಳು ತಮ್ಮ ಪಾಲನ್ನು ಕೇಳುತ್ತವೆ. ಗೇಟ್ ಬರುವ ಮುಂಚೆ ಹಳಿಯ ಪಕ್ಕ ಒಂದು ಹಳದಿ ಫಲಕ ಇರುತ್ತದೆ. ಅದು ಕಂಡ ಕೂಡಲೇ ಚಾಲಕ ಹಾರ್ನ್ ಹಾಕಲೇಬೇಕು, ಅದು ಅವರ ಡ್ಯೂಟಿ. ದಾವಣಗೆರೆಯ ಅಶೋಕ ಟಾಕೀಸ್ ಗೇಟಿನ ಸುತ್ತಮುತ್ತ ಬೆಳೆದ ಗೆಳತಿಯರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಹಳಿ ಪಕ್ಕದವರಿಗೆ ರೈಲಿನ ಸದ್ದು ಅಭ್ಯಾಸ ಆಗಿಬಿಡುತ್ತದೆ ಅನ್ನುತ್ತಾರೆ. ಅರ್ಧ ನಿಜ. ಎಚ್ಚರ ಆಗುವುದಿಲ್ಲ, ಆದರೆ ಮಲಗಿದ ದೇಹ ಸದ್ದನ್ನು ಗಮನಿಸುತ್ತಲೇ ಇರುತ್ತದೆ. ಹಾಗಾಗಿ ಎಂಟು ತಾಸು ಮಲಗಿದ ಭಾನುವಾರವೂ ತಲೆ ಭಾರ.

ದಾವಣಗೆರೆಯ ಒಂದು ಮೆಡಿಕಲ್ ಶಾಪಿನಲ್ಲಿ 30 ರೂಪಾಯಿಗೆ ಒಂದು ಜೊತೆ ಇಯರ್‌ಪ್ಲಗ್ ಕೊಂಡೆ. ಸ್ಪಂಜಿನ, ಕಿತ್ತಳೆ ಬಣ್ಣದವು. ಮೊದಲ ವಾರ ಬೈದುಕೊಂಡೆ, ಏಕೆಂದರೆ ಅವನ್ನು ಬಾಟಲಿಗೆ ಬಿರಡೆ ಹಾಕಿದ ಹಾಗೆ ಒತ್ತುತ್ತಿದ್ದೆ. ಹಾಗಲ್ಲ. ಕೈ ತೊಳೆದು, ಪ್ಲಗ್ಗನ್ನು ಬೆರಳುಗಳ ನಡುವೆ ಅಗರಬತ್ತಿಯಂತೆ ಸಣ್ಣಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ಸೇರಿಸಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿಂದ ಹಿಡಿದಿರಬೇಕು. ಆಗ ಫ್ಯಾನಿನ ಸದ್ದು ಮೆಲ್ಲಗೆ ದೂರ ಸರಿಯುತ್ತದೆ. ಕಿವಿ ಸೋರುವವರು, ಕಿವಿ ನೋವಿರುವವರು ಹಾಕಬಾರದು. ಕೊಳೆಯಾದ ಮೇಲೆ ಎಸೆಯಬೇಕು. ನಾನು ಜಿಪುಣತನದಿಂದ ಒಂದೇ ಜೊತೆಯನ್ನು ಒಂದೂವರೆ ತಿಂಗಳು ಬಳಸಿ ಕಿವಿ ಕೆರೆತ ತಂದುಕೊಂಡವಳು.

ಇದೇನೂ ನಿನ್ನೆ ಮೊನ್ನೆಯ ಷೋಕಿಯಲ್ಲ. 1907ರಲ್ಲೇ ಬರ್ಲಿನ್‌ನ ಔಷಧಿ ವ್ಯಾಪಾರಿಯೊಬ್ಬರು ಮೇಣ ಮತ್ತು ಹತ್ತಿ ಸೇರಿಸಿ ಇಂಥದ್ದನ್ನು ಮಾಡಿ ‘ಓರೋಪಾಕ್ಸ್’ ಎಂದು ಹೆಸರಿಟ್ಟರು. ಕಿವಿಗೆ ಶಾಂತಿ ಎಂದು ಅರ್ಥ. ನನಗೂ ಸುಮಾರು ಎರಡು ತಿಂಗಳು ಆ ಶಾಂತಿ ಸಿಕ್ಕಿತು. ಲೆಕ್ಕಶಾಸ್ತ್ರದ ಟ್ಯಾಲಿ ಮೊದಲ ಸಲಕ್ಕೇ ಕೂಡತೊಡಗಿತು.

ಆಮೇಲೆ ಮದುವೆ ಸೀಸನ್ ಬಂತು. ಪಕ್ಕದ ಓಣಿಯಲ್ಲಿ ರಾತ್ರಿ ಹನ್ನೊಂದೂವರೆಗೂ ಡಿಜೆ. ಪ್ಲಗ್ ಹಾಕಿಯೂ ನಿದ್ದೆ ಇಲ್ಲ. ಇಯರ್‌ಪ್ಲಗ್ ತೆಳು ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಡಿಜೆಯ ‘ಧಬ್ ಧಬ್’ ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ. ಅದು ಕಿಟಕಿಯ ಗಾಜನ್ನೂ ಎದೆಯನ್ನೂ ನಡುಗಿಸುತ್ತದೆ. ಮಾರನೆಯ ದಿನ ನನಗೆ ಪರೀಕ್ಷೆ ಇತ್ತು. ಅಬ್ಬಾ ಹೋಗಿ ಕೇಳಿದ್ದಕ್ಕೆ ಅಲ್ಲಿದ್ದ ಹಿರಿಯರೊಬ್ಬರು ನಗುತ್ತಾ, “ಒಂದು ದಿನದ ಖುಷಿ ಸಾಹೇಬ್ರೆ, ಮಗಳಿಗೆ ಕಿವಿಗೆ ಹತ್ತಿ ಇಟ್ಕೊಂಡು ಮಲಗೋಕೆ ಹೇಳಿ” ಅಂದರಂತೆ.

2000ರ ಶಬ್ದಮಾಲಿನ್ಯ ನಿಯಮದ ಪ್ರಕಾರ ಜನವಸತಿ ಇರುವಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್, ಹಗಲು 55. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಹರಿದಿನಗಳಿಗೆಂದು ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ಮಧ್ಯರಾತ್ರಿ 12ರವರೆಗೆ ಮಾತ್ರ ಸಡಿಲಿಕೆ ಕೊಡಬಹುದು. ಪಕ್ಕದ ಓಣಿಯ ಮದುವೆ ಆ ಹದಿನೈದರಲ್ಲಿ ಬರುವುದಿಲ್ಲ. ನಾವು ಕಾಮರ್ಸ್‌ನವರು 45ಕ್ಕೂ 65ಕ್ಕೂ ವ್ಯತ್ಯಾಸ 20 ಅಷ್ಟೇ ಅಂದುಕೊಳ್ಳುತ್ತೇವೆ. ಡೆಸಿಬೆಲ್ ಲೆಕ್ಕ ಬೇರೆ. 10 ಹೆಚ್ಚಿದರೆ ಸದ್ದಿನ ಶಕ್ತಿ 10 ಪಟ್ಟು, 20 ಹೆಚ್ಚಿದರೆ 100 ಪಟ್ಟು.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡಬೇಕು. ನಮ್ಮ ಖಾಲಾನ ಮಗಳ ಮೆಹಂದಿ ರಾತ್ರಿ ಹನ್ನೆರಡು ಹೊಡೆದ ಮೇಲೂ ಡಿಜೆ ಮುಂದೆ ಕುಣಿದವರಲ್ಲಿ ನಾನೂ ಒಬ್ಬಳು. ಆ ಓಣಿಯಲ್ಲಿ ಯಾರಿಗೆ ಪರೀಕ್ಷೆ ಇತ್ತು, ಯಾರ ಮನೆಯಲ್ಲಿ ಬಾಣಂತಿ ಇದ್ದಳು ಎಂದು ನಾನು ಕೇಳಿರಲಿಲ್ಲ. ಗಣೇಶನ ಮೆರವಣಿಗೆಯ ಡಿಜೆ ಬಗ್ಗೆ ನಾವು ಮಾತಾಡುತ್ತೇವೆ, ಅವರು ನಮ್ಮ ಜುಲೂಸಿನ ಬಗ್ಗೆ ಮಾತಾಡುತ್ತಾರೆ. ಮದುವೆ ಡಿಜೆ ಬಗ್ಗೆ ಎರಡೂ ಕಡೆಯವರು ಸುಮ್ಮನಿರುತ್ತೇವೆ, ಯಾಕೆಂದರೆ ಎಲ್ಲರ ಮನೆಯಲ್ಲೂ ಮದುವೆ ಆಗುವುದಿದೆ.

ಇನ್ನು ಆ ಹಿರಿಯರ ಹತ್ತಿಯ ಸಲಹೆ. ಹತ್ತಿ ಸದ್ದನ್ನು ಹೆಚ್ಚೇನೂ ತಡೆಯುವುದಿಲ್ಲ ಅನ್ನುವುದು ಹಾಗಿರಲಿ. ನಿಜವಾಗಿಯೂ ಸದ್ದು ನಿಂತರೆ ಏನಾಗುತ್ತದೆ ಎಂದು ನನಗೆ ಆ ತಿಂಗಳೇ ಗೊತ್ತಾಯಿತು.

ನಾನು ಮಲಗುವುದು ದಾದಿಯ ಕೋಣೆಯಲ್ಲಿ. ಅವರ ಮಂಚ, ಪಕ್ಕದಲ್ಲಿ ನನ್ನ ಹಾಸಿಗೆ. ಒಂದು ರಾತ್ರಿ ಅವರು ಬಾತ್‌ರೂಮಿಗೆ ಹೋಗಲು ನನ್ನನ್ನು ಕರೆದಿದ್ದಾರೆ. ನಾನು ಏಳಲಿಲ್ಲ. ಮತ್ತೆ ಕರೆದಿದ್ದಾರೆ. ಕೊನೆಗೆ ಒಬ್ಬರೇ ಗೋಡೆ ಹಿಡಿದು ಹೋಗಿ ಹೊಸ್ತಿಲ ಹತ್ತಿರ ಬಿದ್ದಿದ್ದಾರೆ. ಅದೂ ನನಗೆ ಕೇಳಿಸಿಲ್ಲ. ಯಾರೋ ಭುಜ ಅಲ್ಲಾಡಿಸಿದಾಗ ಕಣ್ಣು ಬಿಟ್ಟರೆ ಲೈಟ್ ಉರಿಯುತ್ತಿತ್ತು, ಅಮ್ಮಿ ದಾದಿಯನ್ನು ಕೂರಿಸಿಕೊಂಡಿದ್ದರು, ಬಾಯಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಪ್ಲಗ್ ಕಿತ್ತ ಮೇಲೆ ದಾದಿಯ ದನಿ ಕೇಳಿತು: “ಇತ್ತಾ ಪುಕಾರೀ ಮೈಂ, ತೂ ಸುನೀಚ್ ನೈ.” ಅಷ್ಟು ಕೂಗಿದೆ, ನಿನಗೆ ಕೇಳಲೇ ಇಲ್ಲ ಎಂದು. ಬೈಗುಳ ಆಗಿದ್ದರೆ ವಾಸಿ ಇತ್ತು, ಅವರು ಆಶ್ಚರ್ಯದಿಂದ ಹೇಳಿದರು. ಮಣಿಕಟ್ಟು ಊದಿತ್ತು. ಮೂಳೆ ಮುರಿದಿರಲಿಲ್ಲ, ಅಲ್ಹಮ್ದುಲಿಲ್ಲಾಹ್.

ಅಮ್ಮಿ ಬೈಯಲಿಲ್ಲ. ಎರಡು ಕೋಣೆ ಆಚೆ ಮಲಗಿದ್ದ ನಿಮಗೆ ಹೇಗೆ ಕೇಳಿಸಿತು ಎಂದು ಮರುದಿನ ಕೇಳಿದೆ. “ನಾನೆಲ್ಲಿ ಅಷ್ಟು ಗಾಢವಾಗಿ ಮಲಗ್ತೀನಿ” ಅಂದು ರೊಟ್ಟಿ ತಿರುವಿ ಹಾಕಿದರು.

ಆ ಮಾತನ್ನು ಆಮೇಲೆ ಗಮನಿಸತೊಡಗಿದೆ. ನಲ್ಲಿಯಲ್ಲಿ ಗಾಳಿ ಬುಸುಗುಟ್ಟಿದರೆ ಅಮ್ಮಿ ಏಳುತ್ತಾರೆ, ನೀರು ಯಾವಾಗ ಬಿಡುತ್ತಾರೆಂದು ಹೇಳಲಾಗದು. ದಾದಿ ಕೆಮ್ಮಿದರೆ ಏಳುತ್ತಾರೆ. ಅಬ್ಬಾ ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಗೇಟ್ ತೆಗೆದರೆ ಏಳುತ್ತಾರೆ. ರಂಜಾನ್‌ನಲ್ಲಿ ಸಹರಿಗೆ ಮನೆಯಲ್ಲಿ ಎಲ್ಲರ ಫೋನೂ ಅಲಾರಂ ಹೊಡೆಯುತ್ತದೆ, ಏಳುವವರು ಅಮ್ಮಿ. ಭಾಯಿ ನನಗಿಂತ ಎರಡು ವರ್ಷ ದೊಡ್ಡವನು. ಅವನು ಕಿವಿಗೆ ಬಡ್ಸ್ ಸಿಕ್ಕಿಸಿಕೊಂಡೇ ಮಲಗುತ್ತಾನೆ. ದಾದಿ ಅವನನ್ನು ಒಮ್ಮೆಯೂ ಕರೆದಿಲ್ಲ. ಕರೆಯಬಹುದು ಎಂದು ಅವರಿಗೂ ಹೊಳೆದಿಲ್ಲ, ಅವನಿಗೂ ಇಲ್ಲ, ಇಷ್ಟು ದಿನ ನನಗೂ ಇರಲಿಲ್ಲ.

ಜಮಾ-ಖರ್ಚಿನ ಭಾಷೆಯಲ್ಲಿ ಹೇಳುವುದಾದರೆ, ನನ್ನ ಖಾತೆಗೆ ಬಂದ ನಿದ್ದೆ ಅಮ್ಮಿಯ ಖಾತೆಯಿಂದ ಹೋಗುತ್ತಿತ್ತು. ಮನೆಯಲ್ಲಿ ಒಂದು ಕಿವಿ ತೆರೆದಿರಲೇಬೇಕು. ಆದರೆ ಅದು ಯಾವಾಗಲೂ ಅಮ್ಮಿಯದು, ಅವರ ನಂತರ ನನ್ನದು ಎಂದು ಬರೆದಿಟ್ಟವರು ಯಾರು? ನಮ್ಮ ತರಗತಿಯಲ್ಲಿ ಕೇಳಿ ನೋಡಿದೆ. ಇಯರ್‌ಪ್ಲಗ್ ಹಾಕಿದರೆ ಮನೆಯಲ್ಲಿ ಒಪ್ಪುವುದಿಲ್ಲ ಅಂದವರೆಲ್ಲ ಹುಡುಗಿಯರು. ಹುಡುಗರು, “ಅಷ್ಟಕ್ಕೆ ಮನೇಲಿ ಯಾಕೆ ಕೇಳಬೇಕು?” ಅಂದರು.

ಇಯರ್‌ಪ್ಲಗ್ ಬಿಡಿ ಎಂದು ನಾನು ಹೇಳುವುದಿಲ್ಲ, ನಾನೂ ಬಿಟ್ಟಿಲ್ಲ. ಅದನ್ನು ಪಾಳಿಯಲ್ಲಿ ಹಾಕಿಕೊಳ್ಳಬೇಕು ಅನ್ನುತ್ತೇನೆ. ಪರೀಕ್ಷೆ ಇರುವವರಿಗೆ ಆ ವಾರ ಹೆಚ್ಚು ರಾತ್ರಿ ಸಿಗಲಿ, ಆದರೆ ಪಾಳಿಯ ಪಟ್ಟಿಯಲ್ಲಿ ಮನೆಯ ಗಂಡಸರ ಹೆಸರೂ ಇರಲಿ. ಅಮ್ಮಂದಿರ ನಿದ್ದೆ ತೆಳುವಾಗಿ ಹುಟ್ಟಿರುವುದಿಲ್ಲ, ನಾವು ಸವೆಸಿದ್ದೇವೆ.

ನಮ್ಮ ಮನೆಯಲ್ಲಿ ಈಗ ಕ್ಯಾಲೆಂಡರಿನ ಮೇಲೆ ಪೆನ್ಸಿಲ್‌ನಲ್ಲಿ ಹೆಸರು ಬರೆದಿದ್ದೇವೆ. ದಾದಿಯ ಮಂಚದ ಪಕ್ಕ ಮಲಗುವ ಪಾಳಿ ನನಗೆ ನಾಲ್ಕು ರಾತ್ರಿ, ಭಾಯಿಗೆ ಎರಡು, ಶಿಫ್ಟ್ ಇಲ್ಲದ ರಾತ್ರಿ ಅಬ್ಬಾಗೆ. ಭಾಯಿಯ ಮೊದಲ ರಾತ್ರಿ ದಾದಿ ಅವನನ್ನು ಮೂರು ಸಲ ಎಬ್ಬಿಸಿದರು. ಎರಡು ಸಲ ನಿಜವಾದ ಕೆಲಸಕ್ಕೆ, ಒಮ್ಮೆ ಏಳುತ್ತಾನೋ ಇಲ್ಲವೋ ನೋಡಲು. ಅಮ್ಮಿಗೆಂದು ಹೊಸ ಜೊತೆ ಪ್ಲಗ್ ತಂದುಕೊಟ್ಟೆ. ಇನ್ನೂ ಪ್ಯಾಕೆಟ್ ಒಡೆದಿಲ್ಲ. ಡಬ್ಬಿಗಳ ಹಿಂದೆ ಇಟ್ಟಿದ್ದಾರೆ, ದಿನಾ ಕೇಳುತ್ತಿದ್ದೇನೆ.